ಮುಳುಗಡೆ ಜಮೀನಿಗೆ ಬದಲಾಗಿ ಸಿಕ್ಕ ಜಾಗಕ್ಕೆ ಪಹಣಿ: ಆರು ವರ್ಷ ಒಂಬತ್ತು ತಿಂಗಳು

ಕಳೆದ ಅಕ್ಟೋಬರ್ ತಿಂಗಳ ಎರಡನೆಯ ವಾರ, ಮಳೆ ಇನ್ನೂ ಪೂರ್ತಿ ಹೊಳವಾಗಿರಲಿಲ್ಲ, ನಾಡಕಚೇರಿಯ ಕಿಟಕಿಯಿಂದ ಒಂದು ಹಾಳೆ ನನ್ನ ಕೈಗೆ ಬಂತು. ನಲವತ್ತೊಂಬತ್ತು ವರ್ಷಗಳಿಂದ ‘ಅರಣ್ಯ’ ಎಂದಿದ್ದ, ಮಾಲೀಕರ ಹೆಸರು ಬರೆಯುವ ಅದರ ಒಂಬತ್ತನೆಯ ಕಾಲಂನಲ್ಲಿ ನನ್ನ, ನನ್ನ ತಂಗಿಯ ಮತ್ತು ತೀರಿಕೊಂಡ ಅಣ್ಣನ ಹೆಂಡತಿಯ ಹೆಸರುಗಳು ಅಚ್ಚಾಗಿದ್ದವು. ಹಾಳೆಯನ್ನು ಎರಡು ಬಾರಿ ಓದಿ, ಸರ್ವೆ ನಂಬರು ನಮ್ಮದೇ ಹೌದೇ ಎಂದು ಮೂರನೆಯ ಬಾರಿ ನೋಡಿ, ಎದುರಿನ ಕ್ಯಾಂಟೀನಿನಲ್ಲಿ ಕುಳಿತು ಕಾಫಿ ಕುಡಿದೆ. ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆಗ ಅನ್ನಿಸಿದ್ದು ದಣಿವು ಮಾತ್ರ. ಜಲಾಶಯಕ್ಕೆ ಜಮೀನು ಬಿಟ್ಟುಕೊಟ್ಟು, ಬದಲಿ ಜಾಗದಲ್ಲಿ ಬೇಸಾಯ ಮಾಡುತ್ತಾ, ಕಾಗದದ ಮೇಲೆ ಮಾತ್ರ ಒತ್ತುವರಿದಾರರಾಗಿ ಉಳಿದಿರುವ ಕುಟುಂಬಗಳು ನಮ್ಮ ಸುತ್ತಮುತ್ತ ಇನ್ನೂ ಇವೆ. ನಾನು ತಿಳಿಯದೆ ಕಳೆದ ತಿಂಗಳುಗಳನ್ನು ಅವರು ಕಳೆಯದಿರಲಿ ಎಂದು ನೆನಪಿರುವಷ್ಟನ್ನೂ ಕಡತದಲ್ಲಿರುವಷ್ಟನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮದು ಹಾರಂಗಿ ಕಣಿವೆಯ ಕುಟುಂಬ. ಪುಷ್ಪಗಿರಿ, ಕೋಟೆಬೆಟ್ಟದ ಕಡೆಯಿಂದ ಇಳಿದು, ಮಾದಾಪುರ ಹೊಳೆ, ಹಟ್ಟಿಹೊಳೆಗಳನ್ನು ಸೇರಿಸಿಕೊಂಡು ಕೂಡಿಗೆಯಲ್ಲಿ ಕಾವೇರಿಯನ್ನು ಕೂಡುವ ಹಾರಂಗಿಗೆ ಹುದುಗೂರಿನ ಬಳಿ ಕಟ್ಟಿದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಎಂಟೂವರೆ ಟಿಎಂಸಿ ನೀರು ಹಿಡಿಯುವ, ಕಾವೇರಿ ಕಣಿವೆಯ ಲೆಕ್ಕದಲ್ಲಿ ಸಣ್ಣದೇ ಆದ ಜಲಾಶಯ ಅದು. ಕೃಷ್ಣರಾಜಸಾಗರ ಹಿಡಿಯುವುದು 49.45 ಟಿಎಂಸಿ. ಹಾರಂಗಿಯ ನೀರು ನಾಲೆಗಳಲ್ಲಿ ಹರಿದು ಕುಶಾಲನಗರದ ಬಯಲು, ಪಿರಿಯಾಪಟ್ಟಣ, ಅರಕಲಗೂಡು, ಹುಣಸೂರುಗಳ ಕಡೆಗೆ ಹೋಗುತ್ತದೆ. ಗದ್ದೆ, ಒಂದಿಷ್ಟು ಕಾಫಿ, ಹೊಳೆಯಂಚಿನ ಬಿದಿರುಮೆಳೆ, ಊರೊಟ್ಟಿನ ಪುಟ್ಟ ದೇವರಕಾಡು, ಇಷ್ಟಿದ್ದ ನಮ್ಮ ಜಾಗ ಹಿನ್ನೀರಿನ ಅಡಿಯಲ್ಲಿದೆ.

ಕೊಡಗಿನ ಪತ್ರಿಕೆಗಳಲ್ಲಿ ಮಳೆಗಾಲದುದ್ದಕ್ಕೂ ಹಾರಂಗಿಯ ನೀರಿನ ಮಟ್ಟ ಅಚ್ಚಾಗುತ್ತದೆ: ಗರಿಷ್ಠ ಮಟ್ಟ 2859 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ನದಿಗೆ ಇಷ್ಟು, ನಾಲೆಗೆ ಇಷ್ಟು ಕ್ಯೂಸೆಕ್. ಅಪ್ಪನ ಅಂದಾಜಿನ ಪ್ರಕಾರ ನಮ್ಮ ಹಳೆಯ ಮನೆಯ ಹೊಸಿಲು 2830 ಅಡಿಯ ಆಸುಪಾಸಿನಲ್ಲಿತ್ತು. ಅವ್ವನಿಗೆ ಓದಲು ಬರುತ್ತಿರಲಿಲ್ಲ, ಆದರೆ ಕಳೆಯುವ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ, “ಇವತ್ತು ಎಷ್ಟಂತೆ ನೋಡು” ಎನ್ನುತ್ತಿದ್ದರು. ನಾನು ಮಟ್ಟ ಹೇಳಿದರೆ ಒಲೆಯ ಮುಂದೆ ಕುಳಿತೇ, “ಹಂಗಾದರೆ ನಮ್ಮ ಮನೆ ಮೇಲೆ ಇಪ್ಪತ್ತೊಂದು ಅಡಿ” ಎಂದು ಹೇಳಿ ಸುಮ್ಮನಾಗುತ್ತಿದ್ದರು.

ನಾವು ಅಲ್ಲಿಂದ ಎದ್ದದ್ದು 1976ರ ಬೇಸಿಗೆಯಲ್ಲಿ. ನನಗೆ ಆಗ ಹನ್ನೆರಡು ವರ್ಷ. ಬದಲಿಯಾಗಿ ಕೊಟ್ಟದ್ದು ಮೀಸಲು ಅರಣ್ಯದಿಂದ ಬಿಡಿಸಿದ ನಾಲ್ಕು ಎಕರೆ. ಮರ ಕಡಿದಿದ್ದರು, ಬೊಡ್ಡೆಗಳನ್ನು ಹಾಗೆಯೇ ಬಿಟ್ಟಿದ್ದರು. ಎರಡು ವರ್ಷ ನಾವು ಬೆಳೆದದ್ದು ಬೊಡ್ಡೆಗಳ ನಡುವಿನ ರಾಗಿ. ಆನೆಗಳಿಗೆ ಅದು ಮೊದಲಿನಿಂದಲೂ ತಮ್ಮ ದಾರಿ, ಹಾಗಾಗಿ ಅವು ಬರುವುದನ್ನು ನಿಲ್ಲಿಸಲಿಲ್ಲ. ನೀರಾವರಿಗೆಂದು ಕಟ್ಟಿದ ಕಟ್ಟೆ ಮುಳುಗಿಸಿದ್ದು ಹಿನ್ನೀರಿನ ಗೆರೆಯವರೆಗಿನ ನೆಲವನ್ನು ಮಾತ್ರ ಎಂದು ದಾಖಲೆಗಳು ಹೇಳುತ್ತವೆ. ಮುಳುಗಿದವರಿಗಾಗಿ ಕಡಿದ ಕಾಡು, ಆ ಕಾಡು ಕಳೆದುಕೊಂಡ ಆನೆ, ಆ ಆನೆ ತುಳಿದ ಗದ್ದೆ, ಇವು ಯಾವ ತಖ್ತೆಯಲ್ಲೂ ಸೇರಿಲ್ಲ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರಿ ಬರುತ್ತಿದ್ದ ಹತ್ತುಮೀನುಗಳನ್ನು ಅಪ್ಪ ಸಾಯುವವರೆಗೂ ನೆನೆಯುತ್ತಿದ್ದರು. ಕಾವೇರಿ ಕಣಿವೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ, ಗೂನು ಬೆನ್ನಿನ ಮಹಶೀರ್ ಮೀನನ್ನು 2018ರಲ್ಲಿ ತೀವ್ರ ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿಸಿದ ಸುದ್ದಿ ಓದಿದಾಗ ನನಗೆ ಅವರ ಮಾತು ನೆನಪಾಯಿತು.

ಇಷ್ಟು ಬರೆದ ಮೇಲೆ ಇನ್ನೊಂದು ಮಾತನ್ನೂ ಬರೆಯಬೇಕು. ನನ್ನ ಹೆಂಡತಿಯ ತವರು ಪಿರಿಯಾಪಟ್ಟಣದ ಕಡೆ, ಅವರ ಗದ್ದೆಗೆ ಬರುವುದು ಹಾರಂಗಿಯ ನಾಲೆಯ ನೀರು. ಮದುವೆಯಾದ ಹೊಸತರಲ್ಲಿ ಮಾವನವರು ಎರಡು ಮೂಟೆ ಅಕ್ಕಿ ಕಳುಹಿಸಿದಾಗ ಅಪ್ಪ ಒಂದು ಹಿಡಿ ಕೈಗೆತ್ತಿಕೊಂಡು, “ನಮ್ಮ ಗದ್ದೆ ನೀರೇ” ಎಂದರು. ಅದು ಸಂತೋಷದ ಮಾತೋ ಕೊಂಕೋ ನನಗೆ ಇಂದಿಗೂ ತಿಳಿಯದು. ಆದರೆ ಮಾವನವರದು ನಾಲೆಯ ಕೊನೆಭಾಗ. ಮೇಲಿನವರು ತೂಬು ತಿರುವಿಕೊಂಡ ವರ್ಷ ಅವರಿಗೂ ನೀರಿಲ್ಲ. ಹೊಳೆಯನ್ನು ತಿರುಗಿಸಿದ್ದರಿಂದ ಒಂದು ಕಡೆಯವರು ಸೋತು ಇನ್ನೊಂದು ಕಡೆಯವರು ಗೆದ್ದರು ಎಂದು ಸುಲಭವಾಗಿ ಹೇಳಿಬಿಡಲು ನಮ್ಮ ಮನೆಯಲ್ಲಿ ಸಾಧ್ಯವಿಲ್ಲ.

ಇನ್ನು ಕಾಗದದ ಕಥೆ. ಅಪ್ಪನ ಬಳಿ ಇದ್ದದ್ದು ಒಂದು ಮಂಜೂರಾತಿ ಪತ್ರ, ಕಂದಾಯ ಕಟ್ಟಿದ ಕೆಲವು ರಸೀದಿಗಳು. ಅಪ್ಪ 2011ರಲ್ಲಿ ತೀರಿಕೊಂಡರು. ಪತ್ರಗಳನ್ನು ಅಣ್ಣ ಕುಶಾಲನಗರದ ತನ್ನ ಬಾಡಿಗೆ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಿದ್ದ. 2016ರಲ್ಲಿ ಅಣ್ಣನೂ ಹೋದ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜರಿದು, ಹಟ್ಟಿಹೊಳೆ, ಮಾದಾಪುರಗಳ ಮಣ್ಣೆಲ್ಲ ಕೆಸರಾಗಿ ಹಾರಂಗಿಗೆ ಇಳಿದಾಗ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಜಲಾಶಯದಿಂದ ಬಿಟ್ಟ ನೀರು ಕೂಡಿಗೆಯಲ್ಲಿ ಕಾವೇರಿಯನ್ನು ತಡೆದು ನಿಲ್ಲಿಸಿತು ಎಂದು ಜನ ಇಂದಿಗೂ ಆಡಿಕೊಳ್ಳುತ್ತಾರೆ. ಹೇಗೇ ಆಗಲಿ, ಅತ್ತಿಗೆ ಮಕ್ಕಳೊಡನೆ ಮಹಡಿ ಮನೆಯವರಲ್ಲಿ ಎರಡು ರಾತ್ರಿ ಕಳೆದು ಕೆಳಗಿಳಿದಾಗ ಪೆಟ್ಟಿಗೆಯೊಳಗಿನ ಕಾಗದಗಳು ಒದ್ದೆ ಹಿಟ್ಟಿನ ಮುದ್ದೆಯಾಗಿದ್ದವು. ನಮ್ಮನ್ನು ಎಬ್ಬಿಸಿದ ಹೊಳೆಯೇ ನಮ್ಮ ಗುರುತನ್ನೂ ಒಯ್ದಿತ್ತು. ಉಳಿದದ್ದು ಅಪ್ಪ ಯಾವಾಗಲೋ ಅಂಚೆ ಕಚೇರಿಯಲ್ಲಿ ನನ್ನ ಮೇಜಿನ ಸೆಳೆಖಾನೆಯಲ್ಲಿ ಇಟ್ಟುಹೋಗಿದ್ದ ಮಂಜೂರಾತಿ ಪತ್ರದ ಮಾಸಲು ಜೆರಾಕ್ಸ್ ಒಂದೇ. ನಾನು ಅಂಚೆ ಇಲಾಖೆಯ ನೌಕರ, ಕಾಗದ ಜೋಪಾನ ಮಾಡುವುದೇ ಕಸುಬು. ಆದರೂ ಮೂಲಪ್ರತಿಗೆ ಪಡಿಪ್ರತಿ ಮಾಡಿಸಿ ದೃಢೀಕರಿಸಿಡಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಇದನ್ನು ಓದುತ್ತಿರುವವರು ದಯವಿಟ್ಟು ಇಂದೇ ಆ ಕೆಲಸ ಮಾಡಿ, ಒಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ನೆಂಟರ ಮನೆಯಲ್ಲಿಡಿ.

ಅದೇ ವರ್ಷ ಸುಗ್ಗಿಯ ಹಬ್ಬವಾದ ಹುತ್ತರಿಯ ಹೊತ್ತಿಗೆ ಆನೆಗಳು ಬಂದು, ಕೊಯ್ಲಿಗೆ ಬಂದಿದ್ದ ಭತ್ತವನ್ನೂ ಬಾಳೆಯನ್ನೂ ಒಂದೇ ರಾತ್ರಿಯಲ್ಲಿ ಮುಗಿಸಿದವು. ಬೆಳೆಹಾನಿ ಪರಿಹಾರಕ್ಕೆ ಅರ್ಜಿ ಹಾಕಲು ಹೋದರೆ ಮೊದಲು ಕೇಳಿದ್ದು ಪಹಣಿ. ಪಹಣಿ ತೆಗೆಸಿದರೆ ಒಂಬತ್ತನೆಯ ಕಾಲಂನಲ್ಲಿ ‘ಅರಣ್ಯ’. ಕಿಟಕಿಯ ಆಚೆಗಿದ್ದ ಹುಡುಗ ನಿಷ್ಕಪಟವಾಗಿಯೇ ಹೇಳಿದ: “ಸಾರ್, ಇದರ ಪ್ರಕಾರ ಆನೆ ತಿಂದಿರೋದು ಕಾಡಿನಲ್ಲೇ ಅಲ್ವಾ?” ನಾನು 2019ರ ಜನವರಿಯಲ್ಲಿ ಮೊದಲ ಅರ್ಜಿ ಬರೆದದ್ದಕ್ಕೆ ಆ ಮಾತೇ ಕಾರಣ.

ಮೊದಲ ತಪ್ಪು ದಾರಿ ಅಲ್ಲಿಂದಲೇ ಆರಂಭವಾಯಿತು. ಕಚೇರಿಯೊಂದರಲ್ಲಿ, ಇದು ಅರಣ್ಯ ಜಮೀನಾದ್ದರಿಂದ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಎಂದರು. ನಾನು ನಂಬಿದೆ. ಗ್ರಾಮಸಭೆ, ಅರಣ್ಯ ಹಕ್ಕು ಸಮಿತಿ ಎಂದು ನಾಲ್ಕು ತಿಂಗಳು ಓಡಾಡಿದ ಮೇಲೆ ತಿಳಿದದ್ದೇನೆಂದರೆ, ಪರಿಶಿಷ್ಟ ಪಂಗಡದವರಲ್ಲದ ಇತರ ಪಾರಂಪರಿಕ ಅರಣ್ಯವಾಸಿಗಳು ಆ ಕಾಯ್ದೆಯಡಿ ಹಕ್ಕು ಕೇಳಬೇಕಾದರೆ 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ವಾಸವಿದ್ದುದನ್ನು ತೋರಿಸಬೇಕು. ಸರ್ಕಾರವೇ ಲಾರಿಯಲ್ಲಿ ತಂದು ಇಳಿಸಿದ ನಾವು ಅಲ್ಲಿಗೆ ಬಂದದ್ದೇ 1976ರಲ್ಲಿ. ಮುಳುಗಡೆ ಸಂತ್ರಸ್ತರು ಈ ಅರ್ಜಿ ಹಾಕಿ ತಿರಸ್ಕೃತರಾದರೆ ಆ ತಿರಸ್ಕಾರದ ಹಿಂಬರಹವೇ ಮುಂದೆ ಅಡ್ಡಿಯಾಗುವ ಸಂಭವವೂ ಇದೆ. ನಾನು ಸಮಯಕ್ಕೆ ಸರಿಯಾಗಿ ಹಿಂತೆಗೆದುಕೊಂಡೆ. ನಮ್ಮಂಥವರು ಕೇಳಬೇಕಾದದ್ದು ಹೊಸ ಹಕ್ಕನ್ನಲ್ಲ, ಹಿಂದೆಯೇ ಮಂಜೂರಾದದ್ದನ್ನು ಪಹಣಿಗೆ ತರುವ ‘ಇಂಡೀಕರಣ’ವನ್ನು. ಆ ಪದವನ್ನೇ ಅರ್ಜಿಯಲ್ಲಿ ಬಳಸಿ. ಕೇಸ್ ವರ್ಕರ್‌ಗೆ ಅರ್ಥವಾಗುವ ಪದ ಅದು.

ಇಂಡೀಕರಣಕ್ಕೆ ಎರಡು ಆಧಾರ ಬೇಕಿತ್ತು. ನಮ್ಮ ಮೂಲ ಜಮೀನನ್ನು ಜಲಾಶಯಕ್ಕಾಗಿ ಸ್ವಾಧೀನಪಡಿಸಿಕೊಂಡ ಐತೀರ್ಪಿನ, ಅಂದರೆ ಅವಾರ್ಡಿನ, ಪ್ರತಿ. ಮತ್ತು ಬದಲಿ ಜಾಗವನ್ನು ಅರಣ್ಯದಿಂದ ಬಿಡುಗಡೆ ಮಾಡಿದ ಅಧಿಸೂಚನೆ. ಮೊದಲನೆಯದಕ್ಕೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಕಳುಹಿಸಿದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ನಾನು ನಮ್ಮ ಕುಟುಂಬದ ಚರಿತ್ರೆಯನ್ನೆಲ್ಲ ಬರೆದು ಎರಡು ಪುಟ ತುಂಬಿಸಿದ್ದೆ. ಅದು ಹಾಗೆಯೇ ಹಿಂದಕ್ಕೆ ಬಂತು. ಎರಡನೆಯ ಬಾರಿ ನಾಲ್ಕು ಸಾಲು ಬರೆದೆ. ಮೂವತ್ತು ದಿನ ಕಳೆದರೂ ಉತ್ತರವಿಲ್ಲ, ಮೇಲ್ಮನವಿಯ ನಂತರ ‘ಕಡತ ಲಭ್ಯವಿಲ್ಲ’ ಎಂದು ಒಂದು ಸಾಲು. ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ ಹಾಕುವಷ್ಟರಲ್ಲಿ 2020ರ ಮಾರ್ಚ್ ಬಂದು ಎಲ್ಲ ಬಾಗಿಲುಗಳೂ ಮುಚ್ಚಿದವು.

ಆ ಕಾಯುವಿಕೆಯ ನಡುವೆ, 2021ರ ಮೇ ತಿಂಗಳಲ್ಲಿ, ಅವ್ವ ತೀರಿಕೊಂಡರು. ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆಯೂ ಜಲಾಶಯದ ಮಟ್ಟ ಕೇಳಿದರು. ಅದು ಬೇಸಿಗೆ, ಪತ್ರಿಕೆಯಲ್ಲಿ ಮಟ್ಟ ಬಂದಿರಲಿಲ್ಲ. ನಾನು ಬಾಯಿಗೆ ಬಂದ ಸಂಖ್ಯೆಯೊಂದನ್ನು ಹೇಳಿದೆ. “ಹಂಗಾದರೆ ಮನೆ ಕಾಣ್ತಿರಬೇಕು” ಎಂದರು. ಇದಕ್ಕೂ ಪ್ರಕ್ರಿಯೆಗೂ ಸಂಬಂಧವಿಲ್ಲ ಎನ್ನಬಹುದು. ಆದರೆ ಮರಣ ಪ್ರಮಾಣಪತ್ರಗಳ ಸಂಖ್ಯೆ ಎರಡರಿಂದ ಮೂರಕ್ಕೆ ಏರಿದ್ದು ಹೀಗೆ.

ಆಯೋಗದ ವಿಚಾರಣೆ ಆನ್‌ಲೈನ್‌ನಲ್ಲಿ ನಡೆಯಿತು. ಅಲ್ಲಿ ನನಗೆ ಒಳ್ಳೆಯದನ್ನು ಮಾಡಿದ್ದು ಒಂದೇ ಒಂದು ಬೇಡಿಕೆ: ಪ್ರತಿ ಕೊಡಲಾಗದಿದ್ದರೆ ಬೇಡ, ಕಡತಗಳ ಕಟ್ಟನ್ನು ನಾನೇ ನೋಡಲು ಅವಕಾಶ ಕೊಡಿ. ಕಡತ ಪರಿಶೀಲನೆ ಮಾಹಿತಿ ಹಕ್ಕಿನ ಭಾಗವೇ ಎಂಬುದು ಅನೇಕರಿಗೆ ತಿಳಿದಿಲ್ಲ. 2021ರ ಡಿಸೆಂಬರ್‌ನಲ್ಲಿ ಎರಡು ದಿನ ರಜೆ ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗೆದ್ದಲು ಹಿಡಿದ ರೆಕಾರ್ಡ್ ರೂಮಿನಲ್ಲಿ ಕುಳಿತೆ. ಎರಡನೆಯ ದಿನ ಮಧ್ಯಾಹ್ನ, ಬೇರೆ ಊರಿನ ಹೆಸರು ಬರೆದಿದ್ದ ಕೆಂಪು ಬಟ್ಟೆಯ ಗಂಟಿನಲ್ಲಿ ನಮ್ಮ ಊರಿನ ಅವಾರ್ಡು ಸಿಕ್ಕಿತು. ಅದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಯಾರೂ ಹುಡುಕಿರಲಿಲ್ಲ, ಅಷ್ಟೆ.

1972ರ ಆ ಹಾಳೆಯ ಮೇಲೆ ‘ಮೈಸೂರು ಸರ್ಕಾರ’ ಎಂದಿತ್ತು. ಅಪ್ಪನ ಹೆಸರು, ಗದ್ದೆಯ ವಿಸ್ತೀರ್ಣ ಎಕರೆ ಸೆಂಟುಗಳಲ್ಲಿ, ಹಲಸಿನ ಮರ ಎರಡು, ಬಾವಿ ಒಂದು, ಹುಲ್ಲು ಹೊದಿಸಿದ ಮನೆ ಒಂದು, ಕೊಟ್ಟಿಗೆ ಒಂದು. ಅವುಗಳ ಒಟ್ಟು ಬೆಲೆಯ ಮೇಲೆ ಶೇಕಡಾ 15 ‘ಸೊಲೇಷಿಯಂ’, ಅಂದರೆ ಇಷ್ಟವಿಲ್ಲದಿದ್ದರೂ ಬಿಟ್ಟುಕೊಟ್ಟದ್ದಕ್ಕೆ ಸಮಾಧಾನದ ಹಣ. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಅಷ್ಟೇ ಇತ್ತು. 1984ರ ತಿದ್ದುಪಡಿಯಲ್ಲಿ ಅದು ಶೇಕಡಾ 30 ಆಯಿತು, 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಶೇಕಡಾ 100. ಪುನರ್ವಸತಿ ಎಂಬ ಪದ ಕಾಯ್ದೆಯ ಹೆಸರಿನೊಳಗೆ ಸೇರಿದ್ದೂ ಆ ಹೊಸ ಕಾಯ್ದೆಯಲ್ಲೇ. ದೇವರಕಾಡಿಗೆ ಪಟ್ಟಿಯಲ್ಲಿ ಬೆಲೆಯಿರಲಿಲ್ಲ, ಏಕೆಂದರೆ ಅದು ಯಾರ ಹೆಸರಿನಲ್ಲೂ ಇರಲಿಲ್ಲ. ಹೆಚ್ಚುವರಿ ಪರಿಹಾರ ಕೇಳಬಹುದೇ ಎಂದು ಅನೇಕರು ನನ್ನನ್ನು ಕೇಳಿದ್ದಾರೆ. ಹಳೆಯ ಕಾಯ್ದೆಯ 18ನೆಯ ಕಲಮಿನಡಿ ನ್ಯಾಯಾಲಯಕ್ಕೆ ಕಳುಹಿಸಿ ಎಂದು ಕೇಳಲು ಇದ್ದ ಕಾಲಾವಕಾಶ, ನಮ್ಮ ರಾಜ್ಯದ ತಿದ್ದುಪಡಿಯಂತೆ, ಅವಾರ್ಡಿನ ನೋಟಿಸು ತಲುಪಿದ ದಿನದಿಂದ 90 ದಿನ. ಅಪ್ಪ ಆ ತೊಂಬತ್ತು ದಿನ ದನಗಳಿಗೆ ಗಿರಾಕಿ ಹುಡುಕುತ್ತಿದ್ದರು. ಆ ಬಾಗಿಲು ನಮಗೆ ಎಂದೋ ಮುಚ್ಚಿದೆ. ವಕೀಲರಿಗೆ ಮುಂಗಡ ಕೊಡುವ ಮೊದಲು ಈ ಒಂದು ಅಂಶವನ್ನು ವಿಚಾರಿಸಿಕೊಳ್ಳಿ.

ಇಲ್ಲಿ ಕೊಡಗಿನವರಿಗೆ ಮಾತ್ರ ಅನ್ವಯಿಸುವ ಒಂದು ಸೂಚನೆ. ನಮ್ಮದು ಸಾಗು ಜಮೀನಾಗಿದ್ದರಿಂದ ಅಪ್ಪನೊಬ್ಬರ ಹೆಸರಿತ್ತು. ನಿಮ್ಮದು ಜಮ್ಮಾ ಹಿಡುವಳಿ, ಅಂದರೆ ಇಡೀ ಒಕ್ಕಕ್ಕೆ (ಮನೆತನಕ್ಕೆ) ಸೇರಿದ ವಂಶಪಾರಂಪರ್ಯದ ಜಮೀನು, ಆಗಿದ್ದರೆ ಅವಾರ್ಡು ಒಕ್ಕದ ಹಿರಿಯರಾದ ಪಟ್ಟೇದಾರರ ಹೆಸರಿನಲ್ಲಿ ಇರುವ ಸಾಧ್ಯತೆ ಹೆಚ್ಚು, ಹಿಂದಿನ ಪಟ್ಟೇದಾರರಿಂದ ನಿಮ್ಮವರೆಗಿನ ಸಂಬಂಧವನ್ನು ದಾಖಲೆಯಲ್ಲೇ ತೋರಿಸಬೇಕಾಗುತ್ತದೆ, ಒಕ್ಕದ ಎಲ್ಲರ ಸಹಿ ಹಿಡಿಯುವುದು ಅಣೆಕಟ್ಟು ಕಟ್ಟುವುದಕ್ಕಿಂತ ಕಷ್ಟ. ನೆರೆಯ ಒಕ್ಕವೊಂದು ಇನ್ನೂ ಅದರಲ್ಲೇ ಇದೆ.

ಎರಡನೆಯ ಆಧಾರವಾದ ಅರಣ್ಯ ಬಿಡುಗಡೆಯ ಅಧಿಸೂಚನೆಗೆ ಬರುತ್ತೇನೆ. ಇಡೀ ಪ್ರಕರಣದ ಪ್ರಾಣವಿದ್ದದ್ದು ಇದರ ದಿನಾಂಕದಲ್ಲಿ. 1980ರ ಅಕ್ಟೋಬರ್ 25ರಂದು ಅರಣ್ಯ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದ ಮೇಲೆ ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ರಾಜ್ಯವು ಮೀಸಲು ಅರಣ್ಯವನ್ನು ಬಿಡುಗಡೆ ಮಾಡುವಂತಿಲ್ಲ. ಆ ದಿನಕ್ಕೆ ಮೊದಲೇ ರಾಜ್ಯಪತ್ರದಲ್ಲಿ ಅಧಿಸೂಚನೆ ಪ್ರಕಟವಾಗಿದ್ದರೆ ನಮ್ಮ ದಾರಿ ಸುಗಮ. ಬರೀ ಆದೇಶವಾಗಿ, ಅಧಿಸೂಚನೆಯಾಗದೆ ಉಳಿದಿದ್ದರೆ ದೆಹಲಿಯವರೆಗೂ ಹೋಗಬೇಕು. ಶರಾವತಿಯ ಮುಳುಗಡೆ ಸಂತ್ರಸ್ತರು ದಶಕಗಳಿಂದ ಸಿಕ್ಕಿಕೊಂಡಿರುವುದು ಇದೇ ಜಾಗದಲ್ಲಿ. ನಮ್ಮ ಮಂಜೂರಾತಿ ಪತ್ರದಲ್ಲಿ ಅಧಿಸೂಚನೆಯ ಸಂಖ್ಯೆಯಿತ್ತು, ಆದರೆ ಜೆರಾಕ್ಸ್‌ನಲ್ಲಿ ಕೊನೆಯ ಎರಡು ಅಂಕಿಗಳು ಅಳಿಸಿದ್ದವು. ಸ್ಥಳೀಯವಾಗಿ ಎಲ್ಲಿಯೂ ಪ್ರತಿ ಸಿಗದೆ, 2022ರಲ್ಲಿ ಮೂರು ಬಾರಿ ಬೆಂಗಳೂರಿಗೆ ಹೋಗಿ ರಾಜ್ಯ ಪತ್ರಾಗಾರದಲ್ಲಿ ಹಳೆಯ ರಾಜ್ಯಪತ್ರಗಳ ಸಂಪುಟಗಳನ್ನು ತಿರುವಿದೆ. ಅಲ್ಲಿನ ಸಿಬ್ಬಂದಿ ಸಹಾಯ ಮಾಡಿದರು, ಹುಡುಕುವ ಕ್ರಮವನ್ನೂ ಹೇಳಿಕೊಟ್ಟರು. ನೆನಪಿಡಬೇಕಾದದ್ದು: 1973ರ ನವೆಂಬರ್ 1ರವರೆಗೆ ಅದು ಮೈಸೂರು ರಾಜ್ಯಪತ್ರ, ಅನಂತರ ಕರ್ನಾಟಕ ರಾಜ್ಯಪತ್ರ, ಹಳೆಯ ಸಂಪುಟಗಳನ್ನು ಕೇಳುವಾಗ ಹೆಸರು ತಪ್ಪಿದರೆ ಬೇರೆಯದೇ ಕಪಾಟು ತೆರೆಯುತ್ತದೆ. ಮೂರನೆಯ ಪ್ರಯಾಣದಲ್ಲಿ, 1977ರ ಸಂಪುಟವೊಂದರ ಮಧ್ಯದಲ್ಲಿ, ನಮ್ಮ ಅರಣ್ಯ ಬ್ಲಾಕಿನ ಹೆಸರು, ಎಲ್ಲೆಗಳು, ‘ಜಲಾಶಯದಿಂದ ನಿರಾಶ್ರಿತರಾದವರ ಪುನರ್ವಸತಿಗಾಗಿ’ ಎಂಬ ಸಾಲು ಕಣ್ಣಿಗೆ ಬಿತ್ತು. ದೃಢೀಕೃತ ಪ್ರತಿ ಪಡೆದು ಮೆಜೆಸ್ಟಿಕ್‌ಗೆ ಬರುವವರೆಗೂ ಆ ಲಕೋಟೆಯನ್ನು ಅಂಗಿಯೊಳಗೆ ಎದೆಗೊತ್ತಿಕೊಂಡಿದ್ದೆ.

ಕಷ್ಟವೆಲ್ಲ ಕಳೆಯಿತೆಂದುಕೊಂಡೆ. ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆಗೆ 2023ರ ಆರಂಭದಲ್ಲಿ ಆದೇಶವಾಯಿತು. ಮೊದಲ ದಿನಾಂಕದಂದು ಒಂದು ಇಲಾಖೆಯವರು ಬಂದರು, ಇನ್ನೊಂದು ಇಲಾಖೆಯವರು ಬರಲಿಲ್ಲ. ಎರಡನೆಯ ದಿನಾಂಕಕ್ಕೆ ವಿಧಾನಸಭಾ ಚುನಾವಣೆಯ ನೀತಿಸಂಹಿತೆ ಜಾರಿಯಾಗಿತ್ತು. ಆಮೇಲೆ ಮಳೆ, ಕೊಡಗಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಸರಪಳಿ ಹಿಡಿಯುವವರಿಲ್ಲ, ಹಿಡಿದರೂ ಗುರುತಿನ ಕಲ್ಲು ಕಾಣುವುದಿಲ್ಲ. ಮೂರನೆಯ ದಿನಾಂಕದ ಬೆಳಿಗ್ಗೆ ಎಲ್ಲರೂ ಬಂದಿದ್ದರು, ಆದರೆ ಏಳು ಆನೆಗಳ ಹಿಂಡು ಮರಿಯೊಂದಿಗೆ ನಮ್ಮ ತೋಟದಲ್ಲೇ ಬೀಡುಬಿಟ್ಟಿತ್ತು. “ಪೋಸ್ಟ್ ಮಾಸ್ಟ್ರೇ, ಅವುಗಳ ಹೆಸರಿಗೇ ಖಾತೆ ಮಾಡ್ಕೊಡೋಣ ಬಿಡಿ” ಎಂದರು ಸರ್ವೆಯರು. ಎಲ್ಲರೂ ನಕ್ಕೆವು, ಊಟ ಮಾಡಿ ಚದುರಿದೆವು. ಕೊನೆಗೆ 2024ರ ಫೆಬ್ರವರಿಯಲ್ಲಿ ಅಳತೆ ನಡೆಯಿತು. ಈ ಸರ್ವೆಯ ವಿಷಯದಲ್ಲಿ ನನ್ನ ಸಲಹೆ ಎರಡೇ: ಡಿಸೆಂಬರ್‌ಗೆ ಮೊದಲೇ ಅರ್ಜಿ ಕೊಟ್ಟು ಬೇಸಿಗೆಯ ದಿನಾಂಕ ಹಿಡಿಯಿರಿ, ಮತ್ತು ಅಕ್ಕಪಕ್ಕದ ಹಿಡುವಳಿದಾರರನ್ನು ಹಿಂದಿನ ದಿನವೇ ಹೋಗಿ ಮಾತನಾಡಿಸಿ. ನೋಟಿಸು ಅಂಚೆಯಲ್ಲಿ ತಲುಪುತ್ತದೆ ನಿಜ, ಆದರೆ ನೋಟಿಸು ಕಂಡ ನೆರೆಯವನು ಅನುಮಾನದಿಂದ ಬರುತ್ತಾನೆ, ಮನೆಗೆ ಹೋಗಿ ಕರೆದರೆ ಕತ್ತಿ ಹಿಡಿದು ಪೊದೆ ಸವರಲು ಬರುತ್ತಾನೆ.

ಅಳತೆಯ ಫಲ ನಮಗೆ ಆಘಾತ ತಂದಿತು. ಮಂಜೂರಾದದ್ದು ನಾಲ್ಕು ಎಕರೆ, ನಾವು ಬೇಲಿ ಹಾಕಿ ಅನುಭವಿಸುತ್ತಿದ್ದದ್ದೂ ನಾಲ್ಕು ಎಕರೆ. ಆದರೆ 1977ರ ಅಧಿಸೂಚನೆಯ ಎಲ್ಲೆಯೊಳಗೆ ಬಿದ್ದದ್ದು ಮೂರು ಎಕರೆ ಅರವತ್ತು ಸೆಂಟು. ಉಳಿದ ನಲವತ್ತು ಸೆಂಟು, ಅಂದು ಜಾಗ ತೋರಿಸಿದವರು ಗೆರೆ ಎಳೆಯುವಾಗ ಮಾಡಿದ ತಪ್ಪಿನಿಂದ, ಅರಣ್ಯದ ಕಡೆ ಉಳಿದಿತ್ತು. ಅಪ್ಪ ಮೊದಲು ನೆಟ್ಟ ಕಾಫಿ ಗಿಡಗಳೂ ಅವರ ಸಮಾಧಿಯೂ ಇರುವುದು ಆ ನಲವತ್ತು ಸೆಂಟಿನಲ್ಲಿ. ಇಡೀ ನಾಲ್ಕು ಎಕರೆಗೂ ಪಟ್ಟು ಹಿಡಿದರೆ ಕಡತ ಮತ್ತೆ ಕೆಳಗಿನಿಂದ ಹೊರಡಬೇಕಾಗುತ್ತದೆ, ಸಿಗುವಷ್ಟನ್ನು ಮೊದಲು ಪಡೆಯಿರಿ ಎಂದು ಅನುಭವಸ್ಥರೊಬ್ಬರು ಬುದ್ಧಿ ಹೇಳಿದರು. ಒಪ್ಪಿಕೊಂಡೆ. ಅಂದು ರಾತ್ರಿ ನಿದ್ದೆ ಬರಲಿಲ್ಲ. ಇತ್ತ ನೀರಿನ ವಿಷಯ ನೋಡಿ: 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕಾವೇರಿಯಲ್ಲಿ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25 ಟಿಎಂಸಿ ಎಂದು ಕಾಲು ಟಿಎಂಸಿಯನ್ನೂ ಬಿಡದೆ ಹಂಚಿತು. ಆ ನೀರು ನಿಲ್ಲಲು ಜಾಗ ಬಿಟ್ಟವರ ಬೇಲಿ ಎಲ್ಲಿ ಬರಬೇಕೆಂಬುದನ್ನು ಮಾತ್ರ ಕೈಸನ್ನೆಯಲ್ಲಿ ತೋರಿಸಿ ಹೋಗಿದ್ದರು.

ಇಂಡೀಕರಣದ ಆದೇಶ 2024ರ ಡಿಸೆಂಬರ್‌ನಲ್ಲಿ ಬಂತು, ಅದೂ ಸತ್ತು ಹದಿಮೂರು ವರ್ಷವಾಗಿದ್ದ ಅಪ್ಪನ ಹೆಸರಿಗೆ. ಅಲ್ಲಿಂದ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವ ಕೆಲಸ. ಮೂರು ಮರಣ ಪ್ರಮಾಣಪತ್ರ, ವಂಶವೃಕ್ಷ, ನೋಟರಿ ಮುಂದೆ ಅಫಿಡವಿಟ್ಟು, ಎಲ್ಲ ವಾರಸುದಾರರ ಆಧಾರ್ ಪ್ರತಿ, ಆಕ್ಷೇಪಣೆಗೆ ನಮ್ಮ ಪ್ರಕರಣದಲ್ಲಿ 30 ದಿನ. ಅಣ್ಣನ ಹೆಸರು ಒಂದು ದಾಖಲೆಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಇದ್ದುದರಿಂದ ಎರಡೂ ಒಬ್ಬನೇ ಎಂದು ಸಾಬೀತುಪಡಿಸಲು ಎರಡು ತಿಂಗಳು ಹೋಯಿತು. ಇದೇ ಹಂತದಲ್ಲಿ, ಕಚೇರಿಯ ಮೆಟ್ಟಿಲ ಬಳಿ ಸದಾ ಕಾಣುತ್ತಿದ್ದ ಒಬ್ಬರು ಅರವತ್ತು ಸಾವಿರ ಕೊಟ್ಟರೆ ಹದಿನೈದು ದಿನದಲ್ಲಿ ಮಾಡಿಸಿಕೊಡುವುದಾಗಿ ಹೇಳಿದರು. ಕೊಡಲಿಲ್ಲ. ನಾನು ದೊಡ್ಡ ಮನುಷ್ಯನೆಂದಲ್ಲ. ಆರು ವರ್ಷ ಕಾದವನಿಗೆ ಹದಿನೈದು ದಿನದ ಆಸೆ ಉಳಿದಿರಲಿಲ್ಲ.

ಮೈಸೂರಿನಲ್ಲಿರುವ ತಂಗಿ ತನ್ನ ಪಾಲನ್ನು ಬಿಟ್ಟುಕೊಡಲು ಸಿದ್ಧಳಿದ್ದಳು, ಬೇಡವೆಂದವನು ನಾನೇ. ಅವಳು ಕೇಳಿದ್ದು ಒಂದೇ, ಹಳೆಯ ಮನೆಯ ಜಾಗ ನೋಡಬೇಕು. ನಾವು ಎದ್ದು ಬರುವಾಗ ಅವಳಿಗೆ ಮೂರು ವರ್ಷ, ಏನೂ ನೆನಪಿಲ್ಲ. ಸಹಿ ಹಾಕಲು ಬಂದ ಏಪ್ರಿಲ್ ಕೊನೆಯಲ್ಲಿ, ಗರಗಂದೂರಿನ ಕಡೆಯಿಂದ ಹಿನ್ನೀರಿಗೆ ಇಳಿದು, ಬಿರುಕುಬಿಟ್ಟ ಹೂಳಿನ ಮೇಲೆ ನಡೆದೆವು. 2018ರಲ್ಲಿ ಇಳಿದುಬಂದ ಬೆಟ್ಟದ ಮಣ್ಣು ಎಷ್ಟೆಂದರೆ, ನನಗೆ ಗೊತ್ತಿದ್ದ ಗುರುತುಗಳೆಲ್ಲ ಹೂತುಹೋಗಿದ್ದವು. ಎರಡು ಗಂಟೆ ಹುಡುಕಿದ ಮೇಲೆ ಬಾವಿಯ ಕಟ್ಟೆಯ ಕಲ್ಲುಗಳಂತೆ ಕಂಡ ನಾಲ್ಕು ಕಲ್ಲು ತೋರಿಸಿ, ಇದೇ ಎಂದೆ. ಅವಳು ನಂಬಿದಳು. ಒಂದು ಕಲ್ಲಿನ ಮೇಲೆ ಅವಾರ್ಡಿನ ಪ್ರತಿಯನ್ನು ಬಿಡಿಸಿಟ್ಟು, ‘ಬಾವಿ ಒಂದು’ ಎಂಬ ಸಾಲನ್ನು ಬೆರಳಿಟ್ಟು ಓದಿದಳು.

ಖರ್ಚಿನ ಲೆಕ್ಕ ಕೇಳುವವರಿಗೆ: ಸರ್ಕಾರಿ ಶುಲ್ಕಗಳೆಲ್ಲ ಸೇರಿ ನಾಲ್ಕು ಸಾವಿರ ರೂಪಾಯಿಯೂ ಆಗಿಲ್ಲ. ಬೆಂಗಳೂರಿನ ಪ್ರಯಾಣ, ಊಟ, ವಸತಿಗೆ ಹದಿನಾಲ್ಕು ಸಾವಿರ. ವಕೀಲರ ಸಲಹೆಗೆ, ಅಫಿಡವಿಟ್ಟುಗಳಿಗೆ ಹನ್ನೊಂದು ಸಾವಿರ. ಸರ್ವೆಯ ದಿನಗಳಲ್ಲಿ ಆಳು, ಜೀಪು, ಊಟಕ್ಕೆ ಒಂಬತ್ತು ಸಾವಿರ. ಕಚೇರಿಗಳಿಗೆ ಒಟ್ಟು 83 ಬಾರಿ ಹೋಗಿದ್ದೇನೆ, ಡೈರಿಯಲ್ಲಿ ಬರೆದಿಟ್ಟಿದ್ದೇನೆ. ರಜೆ ಹಾಕಿ ಕಳೆದುಕೊಂಡದ್ದನ್ನು ಇದರಲ್ಲಿ ಸೇರಿಸಿಲ್ಲ. ಪ್ರತಿಯೊಂದು ಅರ್ಜಿಯನ್ನೂ ಕೈಯಲ್ಲಿ ಕೊಟ್ಟರೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆ, ಇಲ್ಲದಿದ್ದರೆ ಅಂಚೆಯಲ್ಲೇ ಕಳುಹಿಸಿ ತಲುಪಿದ ದಾಖಲೆ ಇಟ್ಟುಕೊಂಡೆ. ನಾನು ಮೂವತ್ತೈದು ವರ್ಷ ಮುದ್ರೆ ಹಾಕಿದ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ಈಗ ಕಳುಹಿಸುವವರು ಸ್ವೀಕೃತಿ ಬೇಕೆಂದು ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಬೇಕು.

ಪಹಣಿ ಬಂದ ಮರುವಾರ ನಲವತ್ತು ಸೆಂಟಿನ ಬಗ್ಗೆ ಪ್ರತ್ಯೇಕ ಅರ್ಜಿ ಕೊಟ್ಟಿದ್ದೇನೆ. ಅವಾರ್ಡು, ಅಧಿಸೂಚನೆ, ಜಂಟಿ ಸರ್ವೆಯ ನಕ್ಷೆ ಮೂರನ್ನೂ ಲಗತ್ತಿಸಿ, ಕಾಫಿ ಗಿಡಗಳ ವಯಸ್ಸನ್ನೂ ಬರೆದೆ. ಸಮಾಧಿಯ ವಿಷಯ ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿ, ನಕ್ಷೆಯಲ್ಲಿ ಒಂದು ಚುಕ್ಕೆಯಿಟ್ಟು ಬಿಟ್ಟೆ. ಸ್ವೀಕೃತಿ ಸಂಖ್ಯೆ ಡೈರಿಯಲ್ಲಿದೆ. ಕಾಫಿ ಕುಯ್ಲು ಮುಗಿದ ಮೇಲೆ ಒಮ್ಮೆ ಬಂದು ವಿಚಾರಿಸಿ ಎಂದಿದ್ದಾರೆ.